ದುರ್ಗಿಗುಡಿಯ ಚರ್ಮದ ಕ್ಲಿನಿಕ್: ಸೋರಿಯಾಸಿಸ್ ಜೊತೆ ಕುಡಿತದ ಲೆಕ್ಕವನ್ನೂ ಕೇಳುವ ಡಾಕ್ಟರ್

ಸೋರಿಯಾಸಿಸ್‌ಗೆ ಶಿವಮೊಗ್ಗದಲ್ಲಿ ಯಾರಿಗೆ ತೋರಿಸೋದು ಅಂತ ನನ್ನನ್ನು ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿದ ಹಾಗಾಗಲಿ ಅಂತ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೆ ದುರ್ಗಿಗುಡಿಯ ಒಂದು ಚರ್ಮದ ಕ್ಲಿನಿಕ್‌ನಲ್ಲಿ ತೋರಿಸಲು ಶುರುಮಾಡಿ ವರ್ಷದ ಮೇಲಾಯಿತು. ಡಾಕ್ಟರಮ್ಮ ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ. ಬೇಕಾದವರಿಗೆ ಬಾಯಲ್ಲಿ ಹೇಳುತ್ತೇನೆ. ಯಜಮಾನರಿಗೆ ಪೂರ್ತಿ ಓದಿ ತೋರಿಸಿದ್ದೇನೆ. "ಇನ್ನೊಬ್ಬರಿಗೆ ಉಪಯೋಗ ಆಗೋದಾದ್ರೆ ಹಾಕು" ಅಂದರು.

ಕ್ಲಿನಿಕ್‌ಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ನಾಲ್ಕರಲ್ಲಿ ಹೆಚ್ಚಿನ ಪಾಲು ಒಂದೇ ಕಾರಣಕ್ಕೆ. ಇಷ್ಟು ವರ್ಷ ತೋರಿಸಿದ ಯಾರೂ ಕೇಳದ ಪ್ರಶ್ನೆಯನ್ನು ಈ ಡಾಕ್ಟರ್ ಮೊದಲ ಸಲವೇ ಕೇಳಿದರು: "ಡ್ರಿಂಕ್ಸ್ ತಗೋತೀರಾ? ಎಷ್ಟು ತಗೋತೀರಾ?"

ನಾವು ತೀರ್ಥಹಳ್ಳಿ ಕಡೆಯವರು. ಯಜಮಾನರು ತೋಟ ನೋಡಿಕೊಳ್ಳುತ್ತಾರೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಇವರಿಗೆ ಮೊದಲು ಶುರುವಾಗಿದ್ದು ಮೊಣಕೈಯಲ್ಲಿ. ಕೆಂಪಗೆ ದಪ್ಪಗಿನ ಮಚ್ಚೆ, ಅದರ ಮೇಲೆ ಬೆಳ್ಳಿ ಬಣ್ಣದ ಪೊರೆ. ಆಮೇಲೆ ಮೊಣಕಾಲು, ತಲೆ, ಬೆನ್ನಿನ ಕೆಳಗೆ. ಊರಲ್ಲಿ ಒಬ್ಬರು ಹುಳುಕಡ್ಡಿ ಅಂದರು, ಇನ್ನೊಬ್ಬರು ಇಸುಬು ಅಂದರು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆಂಟಿಬಯಾಟಿಕ್ ಎಲ್ಲ ಬೆರೆತ ಒಂದು ಟ್ಯೂಬ್ ಕೊಟ್ಟರು. ಹಚ್ಚಿದಾಗ ಕಮ್ಮಿ, ಬಿಟ್ಟಾಗ ಡಬಲ್. ಮಲೆನಾಡಿನ ಅರ್ಧ ಮನೆಗಳ ಕಪಾಟಿನಲ್ಲಿ ಇಂಥ ಟ್ಯೂಬ್ ಇದೆ, ಸುಮ್ನೆ ಹೇಳುತ್ತಿಲ್ಲ. ಅದನ್ನೇ ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ.

ಆಮೇಲೆ ಬೇರೊಂದು ಊರಿನಲ್ಲಿ ಒಬ್ಬರಿಗೆ ತೋರಿಸಿದೆವು. ಅವರು ಸೋರಿಯಾಸಿಸ್ ಅಂತ ಸರಿಯಾಗಿಯೇ ಗುರುತಿಸಿದರು. ಮೆಥೋಟ್ರೆಕ್ಸೇಟ್ ಮಾತ್ರೆ ಬರೆದರು. ವಾರಕ್ಕೆ ಒಂದೇ ದಿನ ತಗೊಳ್ಳುವ ಮಾತ್ರೆ ಅದು. ಒಳ್ಳೆಯ ಔಷಧಿ, ಹಳೆಯ ಔಷಧಿ, ಅಗ್ಗ ಕೂಡ. ಆದರೆ ಅದು ಲಿವರ್‌ಗೆ ಹೊರೆ ಆಗಬಹುದು. ಶುರುಮಾಡುವ ಮುಂಚೆ ರಕ್ತ ಪರೀಕ್ಷೆ ಬೇಕು, ಆಮೇಲೂ ಬೇಕು, ಕುಡಿತ ಇದೆಯೇ ಅಂತ ಕೇಳಲೇಬೇಕು. ಅಲ್ಲಿ ಪರೀಕ್ಷೆಯೂ ಇಲ್ಲ, ಪ್ರಶ್ನೆಯೂ ಇಲ್ಲ. ಚೀಟಿ ಕೈಗಿಟ್ಟು ಮುಂದಿನವರನ್ನು ಕರೆದರು. ಇವರು ವಾರಕ್ಕೊಮ್ಮೆ ಮಾತ್ರೆ, ಸಂಜೆಗೊಮ್ಮೆ ಗ್ಲಾಸು ಅಂತ ತಿಂಗಳುಗಟ್ಟಲೆ ನಡೆಸಿದರು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಐದು ಸೆಕೆಂಡ್ ಸಾಕಲ್ವಾ ಒಂದು ಪ್ರಶ್ನೆ ಕೇಳೋಕೆ?

ಈ ಕ್ಲಿನಿಕ್‌ನಲ್ಲಿ ಮೊದಲ ದಿನ ಏನಾಯಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಾಕ್ಟರ್ ಮೊದಲು ಬೆರಳುಗಳನ್ನು ಲೈಟಿನ ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಉಗುರಿನ ಮೇಲೆ ಸಣ್ಣ ಸಣ್ಣ ಗುಳಿ ಇದ್ದವು. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿ ಇರುತ್ತದಲ್ಲ, ಅದರ ಮೇಲಿನ ಚುಕ್ಕಿಗಳ ಹಾಗೆ. ನಾನು ಇಷ್ಟು ವರ್ಷ ಜೊತೆಗಿದ್ದೂ ಅದನ್ನು ಗಮನಿಸಿರಲಿಲ್ಲ. ಆಮೇಲೆ ಗಾಜಿನ ಸ್ಲೈಡಿನ ಅಂಚಿನಿಂದ ಮೊಣಕೈ ಮೇಲಿನ ಪೊರೆಯನ್ನು ಮೆಲ್ಲಗೆ ಕೆರೆದರು. ಬಿಳಿ ಹೊಟ್ಟು ಉದುರಿತು. ಇನ್ನೂ ಸ್ವಲ್ಪ ಕೆರೆದಾಗ ಸೂಜಿಮೊನೆಯಷ್ಟು ರಕ್ತದ ಚುಕ್ಕಿಗಳು ಎದ್ದವು. "ಇದಕ್ಕೆ ಔಸ್ಪಿಟ್ಸ್ ಗುರುತು ಅಂತಾರೆ. ನೀವು ಮನೇಲಿ ಕೆರೆದು ನೋಡೋಕೆ ಹೋಗಬೇಡಿ" ಅಂದರು. ಕೀಲು ನೋವು ಇದೆಯಾ, ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯಾಗಿರುತ್ತಾ ಅಂತಲೂ ವಿಚಾರಿಸಿದರು. ಸೋರಿಯಾಸಿಸ್ ಇರುವವರಲ್ಲಿ ಹಲವರಿಗೆ ಕೀಲಿಗೂ ಬರುತ್ತದಂತೆ. ಇವರಿಗೆ ಸದ್ಯ ಇಲ್ಲ.

ಆಮೇಲೆ ಬಂತು ಕುಡಿತದ ಪ್ರಶ್ನೆ. ಇವರು "ಅಪರೂಪಕ್ಕೆ, ಒಂದೆರಡು ಪೆಗ್" ಅಂದರು. ಡಾಕ್ಟರ್ ಮುಖದಲ್ಲಿ ಏನೂ ಬದಲಾವಣೆ ಇಲ್ಲ. ಮೂರು ಪ್ರಶ್ನೆ ಕೇಳಿದರು. ಎಷ್ಟು ದಿನಕ್ಕೊಮ್ಮೆ? ಕುಡಿದ ದಿನ ಎಷ್ಟು? ಒಂದೇ ಸಲಕ್ಕೆ ತುಂಬಾ ಜಾಸ್ತಿ ಆಗೋದು ಎಷ್ಟು ಸಲ? ವಿಶ್ವ ಆರೋಗ್ಯ ಸಂಸ್ಥೆ ಮಾಡಿರುವ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಮೊದಲ ಮೂರು ಇವೇ ಅಂತ ಆಮೇಲೆ ತಿಳಿಯಿತು. ಉತ್ತರ ಬರೆದುಕೊಂಡು ಒಂದು ಸ್ಟೀಲ್ ಲೋಟ, ಒಂದು ನೀರಿನ ಬಾಟಲಿ ಮೇಜಿನ ಮೇಲಿಟ್ಟರು. "ಮನೇಲಿ ಒಂದು ಪೆಗ್ ಅಂತ ಎಷ್ಟು ಹಾಕ್ಕೋತೀರೋ ಅಷ್ಟು ನೀರು ಹಾಕಿ" ಅಂದರು. ಇವರು ಹಾಕಿದರು. ಡಾಕ್ಟರ್ ದೊಡ್ಡ ಸಿರಿಂಜಿನಿಂದ ಆ ನೀರು ಎಳೆದು ಅಳತೆ ತೋರಿಸಿದರು. ಹತ್ತಿರ ಹತ್ತಿರ 90 ಎಂ.ಎಲ್.

ಅಲ್ಲಿಗೆ ಒಂದೆರಡು ಪೆಗ್ ಅಂದರೆ ಒಂದು ಕ್ವಾರ್ಟರ್, 180 ಎಂ.ಎಲ್., ಅಂತಾಯಿತು. ಇವರು ಆ ಸಿರಿಂಜನ್ನೇ ನೋಡುತ್ತಾ ಕೂತರು. ಡಾಕ್ಟರ್ ಬೈಯಲಿಲ್ಲ, ಉಪದೇಶ ಮಾಡಲಿಲ್ಲ. "ಬಹಳ ಜನರ ಮನೆ ಅಳತೆ ಹೀಗೇ ಇರುತ್ತೆ. ನನಗೆ ಬೇಕಾಗಿರೋದು ಸರಿಯಾದ ಅಂಕಿ. ಅದರ ಮೇಲೆ ಯಾವ ಮಾತ್ರೆ ಕೊಡಬಹುದು, ಯಾವುದು ಕೊಡಬಾರದು ಅಂತ ನಿರ್ಧಾರ ಮಾಡ್ತೀನಿ" ಅಂದರು ಅಷ್ಟೇ.

ಲೆಕ್ಕದ ವಿಷಯ ಬಂದಿದ್ದರಿಂದ ನಾನು ಮನೆಗೆ ಬಂದು ಕೂತು ಹಾಕಿದೆ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿ ಬಾಟಲಿಯ ಮೇಲೆ 42.8 ಶೇಕಡಾ ಅಂತ ಬರೆದಿರುತ್ತದೆ. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಎಂ.ಎಲ್. ಅಂದರೆ ಸುಮಾರು 0.79 ಗ್ರಾಂ. ಹಾಗಾಗಿ 30 ಎಂ.ಎಲ್.ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ಎಲ್ಲರೂ ನೈಂಟಿ ಅನ್ನುವ ಪ್ಯಾಕೆಟ್‌ನಲ್ಲಿ 30 ಗ್ರಾಂ. 180ರ ಕ್ವಾರ್ಟರ್‌ನಲ್ಲಿ 60 ಗ್ರಾಂ. ಬಿಯರ್ ಏನೂ ಅಲ್ಲ ಅನ್ನುವವರಿಗೂ ಹೇಳಬೇಕು. 650 ಎಂ.ಎಲ್. ಬಾಟಲಿಯಲ್ಲಿ 5 ಶೇಕಡಾ ಇದ್ದರೆ 25 ಗ್ರಾಂ ಮೇಲೆ, 8 ಶೇಕಡಾದ ಸ್ಟ್ರಾಂಗ್ ಆದರೆ 41 ಗ್ರಾಂ. ಒಂದು ಸ್ಟ್ರಾಂಗ್ ಬಿಯರ್ ಒಂದು ನೈಂಟಿಗಿಂತ ಜಾಸ್ತಿ!

ಈ ಗ್ರಾಂ ಲೆಕ್ಕ ಯಾಕೆ ಮುಖ್ಯ ಅಂದರೆ, ಸೋರಿಯಾಸಿಸ್‌ಗೂ ಕುಡಿತಕ್ಕೂ ಇರುವ ನಂಟನ್ನು ತೋರಿಸಿದ ಅಧ್ಯಯನಗಳು ಗ್ರಾಂನಲ್ಲೇ ಮಾತಾಡುತ್ತವೆ. ಫಿನ್ಲೆಂಡ್‌ನಲ್ಲಿ ಮಾಡಿದ ಒಂದು ಅಧ್ಯಯನ 1990ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸೋರಿಯಾಸಿಸ್ ಬಂದ 19ರಿಂದ 50 ವರ್ಷದ ಗಂಡಸರು ಕಾಯಿಲೆ ಬರುವ ಮುಂಚಿನ ದಿನಗಳಲ್ಲಿ ಎಷ್ಟು ಕುಡಿಯುತ್ತಿದ್ದರು ಅಂತ ಕೇಳಿ, ಬೇರೆ ಚರ್ಮದ ಕಾಯಿಲೆ ಇದ್ದವರ ಜೊತೆ ಹೋಲಿಸಿದರು. ಸೋರಿಯಾಸಿಸ್‌ನವರದ್ದು ದಿನಕ್ಕೆ ಸರಾಸರಿ ಸುಮಾರು 43 ಗ್ರಾಂ, ಉಳಿದವರದ್ದು 21 ಗ್ರಾಂ. ಇವರ ಕ್ವಾರ್ಟರ್‌ನ 60 ಗ್ರಾಂ ಪಕ್ಕದಲ್ಲಿ ಈ 43 ಬರೆದಿಟ್ಟಾಗ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ.

ಅಮೆರಿಕದ ನರ್ಸುಗಳನ್ನು ವರ್ಷಗಟ್ಟಲೆ ಗಮನಿಸಿದ ಇನ್ನೊಂದು ದೊಡ್ಡ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 82,000ಕ್ಕೂ ಹೆಚ್ಚು ಹೆಂಗಸರು. ಅದರಲ್ಲಿ ವಾರಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ಸಲ ಮಾಮೂಲಿ ಬಿಯರ್ ಕುಡಿಯುವವರಿಗೆ ಸೋರಿಯಾಸಿಸ್ ಬರುವ ಸಾಧ್ಯತೆ, ಕುಡಿಯದವರಿಗಿಂತ ಒಂದೂ ಮುಕ್ಕಾಲು ಪಟ್ಟು ಇತ್ತು. ವೈನ್, ವಿಸ್ಕಿ ತರಹದ್ದರಲ್ಲಿ ಅಂಥ ನಂಟು ಕಾಣಲಿಲ್ಲ. ಇದನ್ನು ಓದಿ ಇವರು "ಹಂಗಾದ್ರೆ ವಿಸ್ಕಿ ಪರವಾಗಿಲ್ಲ" ಅಂದರು. ನಾನು ಮುಂದಿನ ಭೇಟಿಯಲ್ಲಿ ಡಾಕ್ಟರ್ ಮುಂದೆಯೇ ಕೇಳಿಸಿದೆ. ಅವರು ಹೇಳಿದ್ದು: ಅದು ಹೊಸದಾಗಿ ಕಾಯಿಲೆ ಬರುವುದರ ಲೆಕ್ಕ, ಅದೂ ಹೆಂಗಸರಲ್ಲಿ. ಆಗಲೇ ಕಾಯಿಲೆ ಇರುವವರಿಗೆ, ಮಾತ್ರೆ ನುಂಗುವವರಿಗೆ ಲಿವರ್ ಬಾಟಲಿಯ ಲೇಬಲ್ ನೋಡುವುದಿಲ್ಲ, ಗ್ರಾಂ ನೋಡುತ್ತದೆ.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಡಾಕ್ಟರ್ ಇವರಿಗೆ ಅರ್ಥವಾಗುವ ಹಾಗೆ ಹೇಳಿದರು. ಚರ್ಮದ ಜೀವಕೋಶ ಕೆಳಗೆ ಹುಟ್ಟಿ, ಮೇಲೆ ಬಂದು, ಉದುರಿ ಹೋಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಮೂರರಿಂದ ಐದೇ ದಿನಕ್ಕೆ ಮೇಲೆ ಬಂದುಬಿಡುತ್ತದೆ. ಹಳೆಯದು ಉದುರುವ ಮುಂಚೆ ಹೊಸದು ಬಂದು ರಾಶಿ ಬೀಳುತ್ತದೆ, ಅದೇ ಆ ಬೆಳ್ಳಿ ಪೊರೆ. ಹೀಗೆ ಅವಸರ ಮಾಡಿಸುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಅದು ಟಿ.ಎನ್.ಎಫ್. ಅನ್ನುವಂಥ ಉರಿಯೂತದ ಸಂಕೇತಗಳನ್ನು ಬೇಕಾದ್ದಕ್ಕಿಂತ ಜಾಸ್ತಿ ಕಳಿಸುತ್ತದೆ. ಸೋರಿಯಾಸಿಸ್‌ಗೆ ಕೊಡುವ ದುಬಾರಿ ಇಂಜೆಕ್ಷನ್‌ಗಳಲ್ಲಿ ಕೆಲವು ಇದೇ ಸಂಕೇತವನ್ನು ತಡೆಯುವಂಥವು. ಮದ್ಯ ಅದನ್ನೇ ಏರಿಸುತ್ತದೆ. ಒಂದು ಕೈಯಲ್ಲಿ ತಗ್ಗಿಸೋದು, ಇನ್ನೊಂದು ಕೈಯಲ್ಲಿ ಏರಿಸೋದು.

ಮದ್ಯ ಚರ್ಮದ ರಕ್ತನಾಳಗಳನ್ನು ಅಗಲ ಮಾಡುತ್ತದೆ ಅನ್ನುವ ಮಾತು ಮಾತ್ರ ನಮ್ಮ ಕಡೆಯವರು ಸರಿಯಾಗಿ ಕೇಳಿಸಿಕೊಳ್ಳಬೇಕು. ನಮ್ಮಲ್ಲಿ ಮಳೆಗಾಲ ಶುರುವಾದರೆ "ಥಂಡಿಗೆ ಸ್ವಲ್ಪ" ಅನ್ನುವುದು ಮಾಮೂಲು. ಕೊಳೆ ಔಷಧಿ ಹೊಡೆದು, ನೆನೆದು, ಚಳಿಯಲ್ಲಿ ನಡುಗಿ ಬಂದವರು ಒಂದು ಗ್ಲಾಸು ಹಾಕಿದರೆ ಮೈ ಬೆಚ್ಚಗಾಯಿತು ಅನ್ನುತ್ತಾರೆ. ಮೈ ಬೆಚ್ಚಗಾಗಿದ್ದಲ್ಲ ಅದು. ರಕ್ತ ಚರ್ಮಕ್ಕೆ ನುಗ್ಗಿದ್ದು. ಒಳಗಿನ ಶಾಖ ಹೊರಗೆ ಹೋಗುತ್ತಿರುವುದು. ಸೋರಿಯಾಸಿಸ್ ಇದ್ದವರಿಗೆ ಅದೇ ಹೊತ್ತಿಗೆ ತುರಿಕೆ ಕೆರಳುತ್ತದೆ. ರಾತ್ರಿ ಹನ್ನೊಂದಕ್ಕೆ ಇವರು ಕೆರೆದುಕೊಳ್ಳುವ ಶಬ್ದಕ್ಕೆ ನನಗೆ ಎಚ್ಚರವಾಗುತ್ತಿತ್ತು. ಹಾಸಿಗೆ ತುಂಬಾ ಹೊಟ್ಟು. ಕೆರೆದ ಜಾಗದಲ್ಲಿ ಹೊಸ ಮಚ್ಚೆ ಏಳುತ್ತದೆ. ಗಾಯವಾದಲ್ಲೆಲ್ಲ ಸೋರಿಯಾಸಿಸ್ ಬರುವ ಈ ಗುಣಕ್ಕೆ ಕೋಬ್ನರ್ ಅಂತ ಹೆಸರು. ಡಾಕ್ಟರ್ ಆ ವಿಷಯಕ್ಕೆ ತೋಟದ ಕೆಲಸವನ್ನೂ ಒಂದೊಂದಾಗಿ ಕೇಳಿದರು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಮೈಮೇಲೆ ಬೀಳುತ್ತಾ? ಅಡಿಕೆ ಸುಲಿಯುವಾಗ ಕೈಗೆ ಗಾಯ ಆಗುತ್ತಾ? ಸ್ನಾನಕ್ಕೆ ಹಂಡೆಯ ಸುಡುಸುಡು ನೀರಾ? ಬೆನ್ನು ಉಜ್ಜೋಕೆ ಏನು ಬಳಸ್ತೀರಿ? ಶಿವಮೊಗ್ಗದಲ್ಲಿ ಕೂತ ಡಾಕ್ಟರ್ ನಮ್ಮ ಬಚ್ಚಲಿನವರೆಗೂ ಬಂದು ನೋಡಿದ ಹಾಗಿತ್ತು. ಈಗ ಉಗುರುಬೆಚ್ಚಗಿನ ನೀರು, ಒದ್ದೆ ಮೈಗೇ ಕೊಬ್ಬರಿ ಎಣ್ಣೆ.

ಇದೆಲ್ಲ ಹೇಳಿದ ಮೇಲೆ ಡಾಕ್ಟರ್ ಇನ್ನೊಂದು ಮಾತು ಹೇಳಿದರು. ನನಗೆ ಅದಕ್ಕೇ ಅವರ ಮೇಲೆ ಗೌರವ. "ಕುಡಿದಿದ್ದಕ್ಕೇ ಬಂತು ಅಂತ ಯಾರೂ ಇವರಿಗೆ ಹೇಳಬಾರದು. ಒಂದು ತೊಟ್ಟೂ ಮುಟ್ಟದವರಿಗೂ ಇದು ಬರುತ್ತೆ." ನಿಜ. ಇವರ ಸೋದರತ್ತೆಗೂ ಇತ್ತು, ಅವರು ಜೀವನದಲ್ಲಿ ಕುಡಿದವರಲ್ಲ. ಇದು ವಂಶದಲ್ಲಿ ಇರುತ್ತದೆ, ಏನೋ ಒಂದು ನೆಪಕ್ಕೆ ಹೊರಗೆ ಬರುತ್ತದೆ. ಗಂಟಲು ಸೋಂಕು, ಕೆಲವು ಬಿ.ಪಿ. ಮಾತ್ರೆ, ಮನಸ್ಸಿನ ಒತ್ತಡ, ಸ್ಟೀರಾಯ್ಡ್ ಮಾತ್ರೆ ಇದ್ದಕ್ಕಿದ್ದಂತೆ ನಿಲ್ಲಿಸುವುದು, ಕುಡಿತ, ಹೀಗೆ. ಒಬ್ಬರಿಂದ ಒಬ್ಬರಿಗೆ ಅಂಟುವುದಂತೂ ಇಲ್ಲವೇ ಇಲ್ಲ.

ನಂಟು ಉಲ್ಟಾ ದಾರಿಯಲ್ಲೂ ಇದೆ. ಫಿನ್ಲೆಂಡ್‌ನವರೇ ಅದನ್ನೂ ಹೇಳಿದ್ದಾರೆ, ಸೋರಿಯಾಸಿಸ್ ಇರುವುದರಿಂದಲೇ ಕುಡಿತ ಮುಂದುವರಿಯಬಹುದು ಅಂತ. ಅದನ್ನು ಓದಿದಾಗ ನನಗೆ ನಮ್ಮ ಮನೆಯ ಕತೆ ಓದಿದ ಹಾಗಾಯಿತು. ಇವರು ಮೊದಲು ಇಷ್ಟು ಕುಡಿಯುತ್ತಿರಲಿಲ್ಲ. ಕೈ ಮೇಲೆ ಮಚ್ಚೆ ಜಾಸ್ತಿಯಾದ ಮೇಲೆ ಅರ್ಧ ತೋಳಿನ ಅಂಗಿ ಬಿಟ್ಟರು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರದೆ ಕೊನೆಯಲ್ಲಿ ಒಬ್ಬರೇ ಉಂಡು ಬರುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ ತಲೆ ನೋಡಿ "ಏನಿದು" ಅಂತ ಕೈ ಹಿಂದೆ ತೆಗೆದ ಮೇಲೆ ಅಲ್ಲಿಗೂ ಹೋಗಲಿಲ್ಲ. ಅಡಿಕೆ ಮಂಡಿಗೆ ಹೋಗುವುದಕ್ಕೂ ಮಗನನ್ನು ಕಳಿಸಿದರು. ಸಂಜೆ ಒಬ್ಬರೇ ಕೂತಾಗ ಗ್ಲಾಸು ಜೊತೆಗಿರುತ್ತಿತ್ತು. ತುರಿಕೆಗೆ ನಿದ್ದೆ ಬರದಿದ್ದಾಗ ಇನ್ನೊಂದು. ಕುಡಿದರೆ ತುರಿಕೆ, ತುರಿಕೆಗೆ ಕುಡಿತ. ಇದನ್ನು ಡಾಕ್ಟರ್ ಇವರ ಬಾಯಿಂದಲೇ ಹೊರಡಿಸಿದರು. ನನ್ನ ಹತ್ತಿರ ಯಾವತ್ತೂ ಹೇಳಿರಲಿಲ್ಲ. ಕನ್ಸಲ್ಟೇಷನ್ ಫೀಸ್ 400 ರೂಪಾಯಿ. ಆ ಕಾಲು ಗಂಟೆಗೆ ಅದು ಏನೇನೂ ಅಲ್ಲ.

ಇನ್ನು ಚಿಕಿತ್ಸೆ. ಮೊದಲು ಲಿವರ್ ಪರೀಕ್ಷೆ, ಕಿಡ್ನಿ ಪರೀಕ್ಷೆ, ಸಕ್ಕರೆ, ಕೊಬ್ಬು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಲಿವರ್ ಕಿಣ್ವಗಳು ಏರಿದ್ದವು, ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂತು. ಮೆಥೋಟ್ರೆಕ್ಸೇಟ್ ಅವತ್ತೇ ನಿಲ್ಲಿಸಿದರು. ಅದರ ಬದಲು ಅಪ್ರೆಮಿಲಾಸ್ಟ್ ಅನ್ನುವ ಮಾತ್ರೆ. ಮೊದಲ ದಿನ 10 ಮಿಲಿಗ್ರಾಂನಿಂದ ಶುರುಮಾಡಿ ದಿನದಿನಕ್ಕೆ ಏರಿಸಿ ಕೊನೆಗೆ ದಿನಕ್ಕೆರಡು ಸಲ 30 ಮಿಲಿಗ್ರಾಂ. ಮೊದಲ ದಿನಗಳಲ್ಲಿ ಹೊಟ್ಟೆ ತೊಳೆಸುತ್ತಿತ್ತು, ಭೇದಿಯೂ ಆಯಿತು. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ನಾವು ಹೆದರಲಿಲ್ಲ. ಮೆಥೋಟ್ರೆಕ್ಸೇಟ್‌ಗಿಂತ ತುಂಬಾ ದುಬಾರಿ, ಅದೊಂದು ಕಷ್ಟ. ತಲೆಗೆ ಟಾರ್ ಇರುವ ಶಾಂಪೂ, ಮಚ್ಚೆಗಳಿಗೆ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು.

ಕ್ಲಿನಿಕ್‌ನಲ್ಲಿ ಬೆಳಕಿನ ಚಿಕಿತ್ಸೆಯೂ ಇದೆ. ಆಳೆತ್ತರದ ಪೆಟ್ಟಿಗೆ, ಒಳಗೆ ಸುತ್ತಲೂ ಟ್ಯೂಬ್‌ಲೈಟ್, 311 ನ್ಯಾನೋಮೀಟರ್‌ನ ಯು.ವಿ. ಬೆಳಕು. ಕಪ್ಪು ಕನ್ನಡಕ ಹಾಕಿಕೊಂಡು ನಿಲ್ಲಬೇಕು, ಮೊದಲು ಕೆಲವು ಸೆಕೆಂಡ್ ಮಾತ್ರ, ಆಮೇಲೆ ನಿಧಾನಕ್ಕೆ ಜಾಸ್ತಿ. ಲಿವರ್‌ಗೆ ಇದರಿಂದ ಏನೂ ತೊಂದರೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ನಮ್ಮಂಥವರಿಗೆ ಒಳ್ಳೆಯದು. ಆದರೆ ವಾರಕ್ಕೆ ಎರಡು ಮೂರು ಸಲ ಬರಬೇಕು. ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರು ದಾಟಿ 60 ಕಿಲೋಮೀಟರ್, ಮತ್ತೆ ವಾಪಸ್. ತೋಟದ ಕೆಲಸ ಬಿಟ್ಟು ಅದು ನಮಗೆ ಆಗಲಿಲ್ಲ. ಶಿವಮೊಗ್ಗ, ಭದ್ರಾವತಿಯವರಿಗೆ ಆಗುತ್ತದೆ, ಕೇಳಿ ನೋಡಿ.

ಕುಡಿತ ಬಿಡಿಸುವ ವಿಷಯದಲ್ಲಿ ಡಾಕ್ಟರ್ ಒಂದು ಎಚ್ಚರಿಕೆ ಕೊಟ್ಟರು. ಇದನ್ನು ದಯವಿಟ್ಟು ಎಲ್ಲರೂ ಓದಿ. ದಿನಾ ಜಾಸ್ತಿ ಕುಡಿಯುವವರು ಒಂದೇ ದಿನಕ್ಕೆ ನಿಲ್ಲಿಸಿದರೆ ಕೈ ನಡುಕ, ಬೆವರು, ಭ್ರಮೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ದೇವರ ಮುಂದೆ ಆಣೆ ಮಾಡಿಸಿ, ಬಾಟಲಿ ಒಡೆದು ಹಾಕಿ ಮನೆಯಲ್ಲಿ ಕೂರಿಸುವುದು ಸರಿಯಾದ ದಾರಿಯಲ್ಲ. ಡಾಕ್ಟರ್ ಇವರನ್ನು ಒಬ್ಬ ಮನೋವೈದ್ಯರ ಹತ್ತಿರ ಕಳಿಸಿದರು. ಅವರು ಕೆಲವು ದಿನಕ್ಕೆ ಮಾತ್ರೆ ಕೊಟ್ಟು, ವಿಟಮಿನ್ ಬಿ1 ಕೊಟ್ಟು, ನಿಧಾನಕ್ಕೆ ಬಿಡಿಸಿದರು. ಹತ್ತಿರದಲ್ಲಿ ಯಾರೂ ಸಿಗದವರು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹೆಂಗಸರಿಗೂ ಒಂದು ಮಾತು. ನಾವು ಕುಡಿಯೋದಿಲ್ಲ, ನಮಗ್ಯಾಕೆ ಇದೆಲ್ಲ ಅನ್ನಬೇಡಿ. ಸೋರಿಯಾಸಿಸ್‌ಗೆ ಅಸಿಟ್ರೆಟಿನ್ ಅಂತ ಇನ್ನೊಂದು ಮಾತ್ರೆ ಇದೆ. ಅದರ ಜೊತೆ ಆಲ್ಕೋಹಾಲ್ ಸೇರಿದರೆ ದೇಹದೊಳಗೆ ಅದು ಎಟ್ರೆಟಿನೇಟ್ ಅನ್ನುವ ಬೇರೆ ರೂಪಕ್ಕೆ ತಿರುಗಿ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಅದು ತುಂಬಾ ಅಪಾಯ. ಹಾಗಾಗಿ ಮಗು ಆಗುವ ವಯಸ್ಸಿನವರಿಗೆ ಆ ಮಾತ್ರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ಕೊಟ್ಟರೆ ಮಾತ್ರೆ ತಗೊಳ್ಳುವಾಗಲೂ, ನಿಲ್ಲಿಸಿದ ಮೇಲೆ ಎರಡು ತಿಂಗಳೂ ಆಲ್ಕೋಹಾಲ್ ಕೂಡದು, ಮೂರು ವರ್ಷ ಬಸಿರಾಗಬಾರದು. ಇನ್ನು ಆಲ್ಕೋಹಾಲ್ ಬಾಟಲಿಯಲ್ಲಿ ಮಾತ್ರ ಇರುವುದಲ್ಲ. ಬಾಣಂತಿಗೆ ಕೊಡುವ ದಶಮೂಲಾರಿಷ್ಟ, ಚರ್ಮಕ್ಕೆ ಅಂತ ಕೊಡುವ ಖದಿರಾರಿಷ್ಟ, ಹೀಗೆ ಆಸವ, ಅರಿಷ್ಟ ಅಂತ ಹೆಸರಿರುವ ಎಲ್ಲದರಲ್ಲೂ ಹುದುಗು ಬಂದು ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಲೇಬಲ್ ಮೇಲೆ ಶೇಕಡಾ ಬರೆದಿರುತ್ತಾರೆ, ಓದಿ. ನಮ್ಮ ಮನೆಯಲ್ಲೂ ಒಂದು ಅರಿಷ್ಟ ಇತ್ತು. ಡಾಕ್ಟರ್‌ಗೆ ತೋರಿಸಿದೆ, ಲಿವರ್ ಸರಿಯಾಗುವವರೆಗೆ ಬೇಡ ಅಂದರು.

ಫಲ ಏನಾಯಿತು ಅಂತ ಕೇಳುತ್ತೀರಿ. ಬೆನ್ನು ಪೂರ್ತಿ ಸರಿಯಾಗಿದೆ. ತಲೆಯ ಹೊಟ್ಟು ಹೋಗಿದೆ. ಮೊಣಕೈಯಲ್ಲಿ ಇನ್ನೂ ಇದೆ, ಆದರೆ ತೆಳ್ಳಗೆ, ಬಣ್ಣವೂ ಮಾಸಿದೆ. ಲಿವರ್ ಕಿಣ್ವಗಳು ಇಳಿದಿವೆ. ಇದರಲ್ಲಿ ಮಾತ್ರೆಯಿಂದ ಎಷ್ಟು, ಕುಡಿತ ಬಿಟ್ಟಿದ್ದರಿಂದ ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ, ಎರಡೂ ಒಟ್ಟಿಗೇ ನಡೆದವು. ಆದರೆ ತುರಿಕೆ ವಿಷಯ ಬೇರೆ. ದೀಪಾವಳಿಯಲ್ಲಿ ನೆಂಟರ ಮನೆಯಲ್ಲಿ ಒತ್ತಾಯಕ್ಕೆ ಕುಡಿದರು. ಮಾತ್ರೆ ಬಿಟ್ಟಿರಲಿಲ್ಲ, ಮುಲಾಮು ಬಿಟ್ಟಿರಲಿಲ್ಲ. ಆ ರಾತ್ರಿಯೇ ತುರಿಕೆ ವಾಪಸ್ ಬಂತು, ಬೆಳಿಗ್ಗೆ ಮೊಣಕಾಲು ಕೆಂಪಗಿತ್ತು. ಆಮೇಲೆ ಅವರೇ "ನಂಗೆ ಬೇಡ" ಅಂತ ಹೇಳಲು ಶುರುಮಾಡಿದರು. ನೆಂಟರಿಗೂ ಹೇಳುತ್ತೇನೆ, ಬೇಡ ಅಂದವರಿಗೆ ಗ್ಲಾಸು ಹಿಡಿಸಬೇಡಿ. ಅದು ಆದರ ಅಲ್ಲ.

ಆ ಒಂದು ಅಂಕ ಯಾಕೆ ಕಡಿಮೆ ಅಂದರೆ, ಮುಖ್ಯವಾಗಿ ರಿಸೆಪ್ಷನ್. ಹೆಸರಿನ ಬದಲು "ಸೋರಿಯಾಸಿಸ್ ಫಾಲೋಅಪ್ ಯಾರು?" ಅಂತ ಹಾಲ್ ತುಂಬಾ ಕೇಳುವ ಹಾಗೆ ಕೂಗುತ್ತಾರೆ. ಕಾಯಿಲೆ ಮುಚ್ಚಿಟ್ಟುಕೊಂಡು ವರ್ಷಗಟ್ಟಲೆ ನರಳಿದವರು ಇಲ್ಲಿಗೆ ಬರುವುದು. ಒಳಗೆ ಡಾಕ್ಟರ್ ಅಷ್ಟು ಜೋಪಾನವಾಗಿ ಮಾತಾಡುತ್ತಾರೆ, ಹೊರಗೆ ಹೀಗೆ. ನಾನು ಹೇಳಿದೆ, ಸ್ವಲ್ಪ ದಿನ ನಿಲ್ಲಿಸಿದರು, ಮತ್ತೆ ಶುರುವಾಗಿದೆ. ಎರಡನೆಯದು, ಕ್ಲಿನಿಕ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕೀಲು ಹಿಡಿದವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವುದನ್ನು ನೋಡಲಾಗುವುದಿಲ್ಲ. ಕೆಳಗಿನ ಮೆಡಿಕಲ್ ಶಾಪಿನಲ್ಲಿ ಚೀಟಿಯಲ್ಲಿಲ್ಲದ ದುಬಾರಿ ಮಾಯಿಶ್ಚರೈಸರ್ ಕೊಡಲು ನೋಡುತ್ತಾರೆ. ಬೇಡ ಅನ್ನಿ. ಅಪ್ರೆಮಿಲಾಸ್ಟ್ ಬೇರೆ ಬೇರೆ ಕಂಪನಿಯದ್ದು ಬೇರೆ ಬೇರೆ ಬೆಲೆಗೆ ಸಿಗುತ್ತದೆ. ಯಾವುದು ತಗೊಳ್ಳಬಹುದು ಅಂತ ಡಾಕ್ಟರ್‌ನ್ನೇ ಕೇಳಿ, ಹೇಳುತ್ತಾರೆ.

ದೂರದಿಂದ ಬರುವವರು ಸೋಮವಾರ ಬಿಟ್ಟು ಬನ್ನಿ, ಅವತ್ತು ಜನ ಜಾಸ್ತಿ. ಟೋಕನ್ ಬೆಳಿಗ್ಗೆ ಫೋನಿನಲ್ಲೇ ಕೊಡುತ್ತಾರೆ. ಹಳೆಯ ಚೀಟಿ, ಹಚ್ಚುತ್ತಿರುವ ಟ್ಯೂಬ್, ನುಂಗುತ್ತಿರುವ ಎಲ್ಲ ಮಾತ್ರೆ, ಕಷಾಯ, ಅರಿಷ್ಟ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಮೆಥೋಟ್ರೆಕ್ಸೇಟ್ ತಗೊಳ್ಳುತ್ತಿದ್ದರೆ ವಾರದ ಯಾವ ದಿನ ಅಂತ ಬರೆದಿಟ್ಟುಕೊಳ್ಳಿ. ಅದನ್ನು ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಬೆರಳಿಗೆ ಉಗುರುಬಣ್ಣ, ಮೆಹಂದಿ ಹಚ್ಚಿಕೊಂಡು ಬರಬೇಡಿ, ಉಗುರು ನೋಡಬೇಕಾಗುತ್ತದೆ. ಎಷ್ಟು ಕುಡಿಯುತ್ತೀರಿ ಅಂತ ಕೇಳಿದಾಗ ಮನೆಯ ಲೋಟದಲ್ಲಿ ಅಳೆದು ನೋಡಿದ ಅಂಕಿಯನ್ನೇ ಹೇಳಿ. ಹೆಂಡತಿ ಮುಂದೆ ಹೇಳಲು ಕಷ್ಟವಾದರೆ, ಡಾಕ್ಟರ್ ನಮ್ಮನ್ನು ಹೊರಗೆ ಕೂರಿಸಿ ನಿಮ್ಮೊಬ್ಬರ ಹತ್ತಿರವೇ ಮಾತಾಡುತ್ತಾರೆ.